ಕಣಿವೆಗೆ ಸಾಲದ ಬಿಡುವು

ಒಟ್ಟಾವಾದ ಒಂದು ಮೊಬೈಲ್ ಕಂಪನಿಯಲ್ಲಿ ಒಡಿಲ್ ಪೂಲಿಯೋಳ ಮಾತಿಗೆ ತೂಕವಿತ್ತು. ಮೊಬೈಲ್ ಗೋಪುರದಿಂದ ಹೊರಡುವ ಅಲೆ ಹೇಗಿರಬೇಕೆಂದು ರೂಪಿಸುವುದು ಅವಳ ಕೆಲಸ. ಅಲೆ ಕಂತುಕಂತಾಗಿ ಹೊರಡುತ್ತದೆ. ಒಂದು ಕಂತಿನ ಪ್ರತಿಧ್ವನಿ ಇನ್ನೊಂದರ ಮೇಲೆ ಬೀಳದಿರಲೆಂದು ನಡುವೆ ಚೂರು ಬಿಡುವು ಇಡುತ್ತಾರೆ. ಒಡಿಲ್ ಆ ಬಿಡುವನ್ನು ಎಲ್ಲ ಕಡೆಗೂ ಒಂದೇ ಅಳತೆಗೆ ಕತ್ತರಿಸಿದ್ದಳು. ಬಿಡುವು ಕಿರಿದಾದ್ದರಿಂದ ನಗರದಲ್ಲಿ ವೇಗ ಹೆಚ್ಚಿತು. ಮೇಲಿನವರು ಬೆನ್ನು ತಟ್ಟಿದರು.

ಒಪ್ಪದವನು ಸಹೋದ್ಯೋಗಿ ಡರ್ಮಟ್ ಲಾಫರ್ಟಿ ಒಬ್ಬನೇ. ನದಿಯಾಚೆಯ ಗುಡ್ಡಗಾಡಿನವನು. ಬೆಟ್ಟಕ್ಕೆ ಬಡಿದ ಅಲೆ ತಡವಾಗಿ ಮರಳುತ್ತದೆ, ಜಾಗ ನೋಡಿ ಬಿಡುವು ಹಿಗ್ಗುವಂತೆ, ಕುಗ್ಗುವಂತೆ ಮಾಡೋಣ ಎಂದು ಸಭೆಯಲ್ಲಿ ಹೇಳಿದ.

"ನಿಮ್ಮೂರಲ್ಲಿ ಫೋನ್ ಯಾರಿಗ್ರೀ ಬೇಕು, ಡರ್ಮಟ್? ದನಗಳಿಗಾ?" ಎಂದಳು ಒಡಿಲ್.

ಇಡೀ ಕೋಣೆ ನಕ್ಕಿತು.

ಹಿಮ ಕರಗಿದ ಮೇಲೆ ಹೊಸ ಅಲೆಯ ಪರೀಕ್ಷೆಗೆ ಡರ್ಮಟ್‌ನ ಊರಿನ ಕಣಿವೆಯನ್ನೇ ಆರಿಸಿದರು. ಫೋನ್ ಹಿಡಿದವಳು ಡರ್ಮಟ್‌ನ ಅಕ್ಕ ನೋರೀನ್. ಅಡುಗೆಮನೆಯಲ್ಲಿ ಕೂತು ದೂರದ ಮಗಳೊಂದಿಗೆ ಮಾತಿಗಿಳಿದಳು. ಮಾತು ತುಂಡುತುಂಡಾಗಿ, ಆಮೇಲೆ ಬರೀ ಗೊರಗೊರ ಸದ್ದಾಯಿತು. ಎದುರು ಕೂತಿದ್ದ ಒಡಿಲ್‌ಗೆ ಕಿಟಕಿಯಾಚೆಯ ಬಂಡೆಗುಡ್ಡ ಕಂಡಾಗಲೇ, ಅಲೆ ಅದಕ್ಕೆ ಬಡಿದು ತಡವಾಗಿ ಮರಳುತ್ತಿದೆ ಎಂದು ಅರ್ಥವಾಯಿತು.

"ನಾನೇ ಏನೋ ತಪ್ಪು ಒತ್ತಿರ್ಬೇಕು, ನಂಗಿದೆಲ್ಲ ಬರಲ್ಲ. ನಿಮ್ಮ ಕೆಲಸ ಕೆಡಿಸ್ಬಿಟ್ನೇನೋ," ಎಂದು ನೋರೀನ್ ಸಂಕೋಚದಿಂದ ಹಣ್ಣಿನ ಹೂರಣದ ಪೈ ಕತ್ತರಿಸಿ ಒಡಿಲ್‌ಳ ತಟ್ಟೆಗೆ ಹಾಕಿದಳು.

ತಪ್ಪು ನನ್ನದು ಎನ್ನಲು ಒಡಿಲ್‌ಗೆ ಬಾಯಿ ಬರಲಿಲ್ಲ. ಅಂಗಳದಲ್ಲಿ ತಂತಿ ಸುತ್ತುತ್ತಿದ್ದ ಡರ್ಮಟ್, ನಾನು ಅಂದೇ ಹೇಳಿದ್ದೆನಲ್ಲ ಎಂದು ಹಂಗಿಸಿದ್ದರೂ ಅವಳು ತಾಳಿಕೊಳ್ಳುತ್ತಿದ್ದಳು. ಅವನು ಅವಳತ್ತ ನೋಡಲೂ ಇಲ್ಲ.

ಮರಳಿದವಳು ಡರ್ಮಟ್ ಹೇಳಿದಂತೆಯೇ ಅಲೆಯನ್ನು ತಿದ್ದಿದಳು. ಮರುಪರೀಕ್ಷೆಯಲ್ಲಿ ಕಣಿವೆಯ ಮಾತು ಸ್ಪಷ್ಟವಾಗಿ ಕೇಳಿತು. ಸಭೆಯಲ್ಲಿ ಮುಖ್ಯಸ್ಥರು ಅವಳನ್ನೇ ಹೊಗಳತೊಡಗಿದರು. ಅವಳು ಎದ್ದು ನಿಂತು, ಇದು ಡರ್ಮಟ್‌ನ ಯೋಚನೆ, ಗೇಲಿ ಮಾಡಿ ತಳ್ಳಿಹಾಕಿದವಳು ನಾನು ಎಂದಳು.

ಸಭೆ ಮುಗಿದ ಮೇಲೆ ಹೊರಗೆ ಡರ್ಮಟ್‌ನಲ್ಲಿ ಕ್ಷಮೆ ಕೇಳಿದಳು.

"ನೀವಂದಿದ್ದು ಹೋಗ್ಲಿ, ಒಡಿಲ್," ಎಂದ ಅವನು. "ಅವತ್ತು ನಿಮ್ಮೆಲ್ಲರ ಜೊತೆ ನಾನೂ ನಕ್ಬಿಟ್ಟೆ. ಆಮೇಲೆ ಅಕ್ಕನ ಮುಖ ನೋಡೋಕೆ ಆಗ್ತಿರ್ಲಿಲ್ಲ."

ಕ್ಷಮೆ ಕೇಳಬೇಕಾದದ್ದು ಅವನ ಅಕ್ಕನಲ್ಲೂ ಎಂದು ಅವಳಿಗೆ ಹೊಳೆಯಿತು.

ಆ ಭಾನುವಾರ ಒಬ್ಬಳೇ ಕಾರು ಹತ್ತಿ ನೋರೀನಳ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, ಅಂದು ಕೆಟ್ಟದ್ದು ನಿಮ್ಮಿಂದಲ್ಲ, ನನ್ನಿಂದ ಎಂದಳು. ಸಭೆಯಲ್ಲಿ ದನಗಳ ಮಾತೆತ್ತಿ ಗೇಲಿ ಮಾಡಿದ್ದನ್ನೂ ಮುಚ್ಚಿಡಲಿಲ್ಲ. ನೋರೀನ್ ಕೊನೆಯವರೆಗೂ ಕೇಳಿದಳು. ಪರವಾಗಿಲ್ಲ ಎನ್ನಲಿಲ್ಲ.

"ಒಳಗೆ ಬನ್ನಿ, ಹೊರಗೆ ಚಳಿ," ಎಂದಳು ಅಷ್ಟೆ.

ಒಡಿಲ್ ತಲೆ ತಗ್ಗಿಸಿಕೊಂಡೇ ಒಳಗೆ ಹೋದಳು.