ಸೊನ್ನೆ ಎಲ್ಲಿಂದ ಶುರು

ಪರೀಕ್ಷೆಗೆ ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಇಂದಿಗೂ ಇದೆ. ಅರವತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಪೈಲಟ್ ತರಬೇತಿಗೆ ಸೀಟು ಸಿಕ್ಕಾಗ ಆ ಜಂಬ ಈಗಿನದಕ್ಕಿಂತ ದುಪ್ಪಟ್ಟಿತ್ತು. ಲೈಸೆನ್ಸಿಗೆ ಮೊದಲು ಬರೆಯುವ ಪರೀಕ್ಷೆ ಪಾಸಾಗಬೇಕು. ಅದೇನು ಮಹಾ ಅಂದುಕೊಂಡೆ.

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನು ಮನೆಯಿಂದ ಹೊರಟು ಮಾರಿಕುಪ್ಪಂನಲ್ಲಿ ರೈಲು ಹತ್ತುತ್ತಿದ್ದೆ. ಬಂಗಾರಪೇಟೆಯವರೆಗೆ ಪುಸ್ತಕ ತೆರೆದಿರಬೇಕು, ಅಲ್ಲಿಂದಾಚೆಗೆ ಮುಚ್ಚಿರಬೇಕು. ಓದಿದ್ದನ್ನೆಲ್ಲ ಬೆಂಗಳೂರು ಬರುವಷ್ಟರಲ್ಲಿ ನೋಡದೆ ಬರೆಯಬೇಕು. ಇದು ನಾನೇ ಮಾಡಿಕೊಂಡ ಕಾನೂನು. ಒಬ್ಬನೇ ಗೊಣಗಿಕೊಂಡು ಗೀಚುತ್ತಿದ್ದ ನನ್ನನ್ನು ಕಂಡು ಎದುರು ಸೀಟಿನವರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಮೋಡಗಳ ಹೆಸರು, ಗಾಳಿಯ ದಿಕ್ಕು, ದೀಪಗಳ ಬಣ್ಣ, ಎಲ್ಲವೂ ನಾಲಗೆಯ ತುದಿಯಲ್ಲಿ.

ಆದರೂ ಫೇಲಾದೆ. ತಪ್ಪೆಲ್ಲ ಎತ್ತರದ ಲೆಕ್ಕದಲ್ಲಿ. ಇನ್ನೊಂದು ಸಲ ಫೇಲಾದರೆ ಸೀಟು ಬೇರೊಬ್ಬರ ಪಾಲು. ಆಮೇಲೆ ಅಪ್ಪನ ಜೊತೆ ಗಣಿಗೆ ಇಳಿಯುವುದೇ ಗತಿ; ಗಣಿ ಆಫೀಸಿನಲ್ಲಿ ನನ್ನ ಹೆಸರು ಬರೆಸಿಯೂ ಆಗಿತ್ತು. ಪ್ರಶ್ನೆ ತೆಗೆದವನನ್ನು ಮನಸಾರೆ ಬೈದೆ.

ಬೆಳಗಿನ ಶಿಫ್ಟು ಮುಗಿಸಿ ಬಂದ ಅಪ್ಪ ಬಾಗಿಲಲ್ಲಿ ಕೂತು ಟೀ ಕುಡಿಯುತ್ತಿದ್ದ. "ಅದೇನ್ ಕೇಳಿದ್ರು ಏಳ್ಲಾ," ಅಂದ.

ಹೇಳಿದೆ. ವಿಮಾನ ಇಳಿಯುವ ಮೈದಾನ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ. ಎತ್ತರ ತೋರಿಸುವ ಮೀಟರು ಸಮುದ್ರದಿಂದ ಎಣಿಸುತ್ತದೆ. ಮೈದಾನದಿಂದ ಸಾವಿರ ಅಡಿ ಮೇಲೆ ಹಾರುವಾಗ ಅದು ಎಷ್ಟು ತೋರಿಸಬೇಕು? ಸರಿಯುತ್ತರ ನಾಲ್ಕು ಸಾವಿರ; ನಾನು ಸಾವಿರ ಎಂದು ಬರೆದಿದ್ದೆ. ನಮ್ಮೂರಲ್ಲಿ ಅಡಿಗಳನ್ನು ಎಣಿಸುವುದು ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನ ಬಾಯಿಂದ ಕೆಳಕ್ಕೆ. ಹುಟ್ಟಿದಾಗಿನಿಂದ ನನಗೆ ನೆಲವೇ ಸೊನ್ನೆ.

ಅಪ್ಪ ಲೋಟ ಕೆಳಗಿಟ್ಟ. "ಸಮುದ್ರದಿಂದ ಸಾವ್ರ ಅಡಿ ಅಂದ್ರೆ ನೆಲದೊಳ್ಗೆ ಎರಡು ಸಾವ್ರ ಅಡಿ ಕಣ್ಲಾ. ಇಮಾನ ತಕೊಂಡು ನಾನು ಕೆಲ್ಸಕ್ಕೆ ಇಳ್ಯೋ ದಾರೀಗೆ ಯಾಕ್ಲಾ ಬತ್ತೀಯ?"

"ನಿಂಗೆಂಗಪ್ಪಾ ಗೊತ್ತು?"

"ಸರ್ವೆಯವ್ರು ಕೆಳಗಡೆ ಬಂಡೆ ಮೇಲೆ ಬಿಳಿ ಗೀಟು ಎಳ್ದವ್ರೆ, ಸಮುದ್ರದ ಮಟ್ಟ ಇಲ್ಲಿಗೆ ಬತ್ತದೆ ಅಂತ. ದಿನಾ ಅದನ್ನ ದಾಟ್ಕೊಂಡೇ ಕೆಳಕ್ಕೋಗ್ತೀನಿ."

ನಾಚಿಕೆಯಾಯಿತು. ಫೇಲಾದದ್ದಕ್ಕಿಂತ ಹೆಚ್ಚಾಗಿ, ಅಪ್ಪ ದಿನಾ ಸಮುದ್ರಕ್ಕಿಂತ ಕೆಳಗೆ ಹೋಗಿ ಬರುತ್ತಾನೆಂಬುದನ್ನು ಅಷ್ಟು ವರ್ಷ ಕೇಳದೆ ಇದ್ದೆನಲ್ಲ ಎಂದು.

ಅಂದಿನಿಂದ ನನ್ನ ಕಾನೂನಿಗೆ ಇನ್ನೊಂದು ಕಲಮು ಸೇರಿತು. ದಿನಾ ಸಂಜೆ ಒಂದು ಪಾಠವನ್ನು, ಇಂಗ್ಲಿಷಿನ ಒಂದಕ್ಷರ ಬಾರದ ಅಪ್ಪನಿಗೆ ನಮ್ಮ ಮಾತಲ್ಲಿ ಹೇಳಬೇಕು. "ತಿಳೀಲಿಲ್ಲ, ಇನ್ನೊಂದ್ಸಲ ಏಳು" ಎಂದು ಅವನು ಅಂದರೆ ತಿಳಿಯದಿರುವುದು ನನಗೇ ಎಂದು ಅರ್ಥ. ಮತ್ತೆ ಪುಸ್ತಕ ಹಿಡಿಯುತ್ತಿದ್ದೆ. ಉರು ಹೊಡೆಯುವುದಕ್ಕೂ ಕಲಿಯುವುದಕ್ಕೂ ಎಷ್ಟು ದೂರವೆಂದು ಆ ಬಾಗಿಲಲ್ಲಿ ಗೊತ್ತಾಯಿತು.

ಎರಡನೇ ಪರೀಕ್ಷೆಯಲ್ಲೂ ಅಂಥದೇ ಪ್ರಶ್ನೆ. ಕಚ್ಚಾ ಹಾಳೆಯಲ್ಲಿ ಒಂದು ಶಾಫ್ಟು ಬರೆದೆ, ಅದರೊಳಗೆ ಅಡ್ಡ ಗೀಟು ಎಳೆದೆ, ಅಲ್ಲಿಂದ ಮೇಲಕ್ಕೆ ಎಣಿಸಿದೆ. ಉತ್ತರ ತಾನಾಗಿ ಬಂತು.

ಫಲಿತಾಂಶ ಬಂದ ದಿನ ಅಪ್ಪ ಶಿಫ್ಟಿಗೆ ಹೊರಟು ನಿಂತಿದ್ದ. ಪಾಸಾದೆ ಎಂದೆ. ಊಟದ ಡಬ್ಬಿ ಕೈಗೆತ್ತಿಕೊಂಡು ನನ್ನನ್ನೇ ನೋಡಿದ.

"ಗಣಿ ಆಫೀಸ್ನಲ್ಲಿ ನಿನ್ನ ಎಸ್ರು ತೆಗ್ಸಾಕ್ತೀನಿ," ಅಂದ. "ಗೀಟಿನ ಕೆಳಗೆ ನಮ್ಮನೆಯಿಂದ ನಾನೊಬ್ನೇ ಸಾಕು."