ತಿಳಿಸ್ತೀವಿ ಅನ್ನುವ ಮಾತು

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಹೋದ ಭಾನುವಾರ ಮಾಗಡಿಯ ನಮ್ಮಕ್ಕನ ಮನೆಯಲ್ಲೂ ಹಾಗೇ ಆಯಿತು. ಅಕ್ಕನ ಮಗಳು ಪವಿತ್ರಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಜಾರದಲ್ಲಿ ಕುರ್ಚಿ ಜೋಡಿಸುವ ಕೆಲಸ ನನ್ನದು. ಅಡುಗೆಮನೆಯಿಂದ ಆ ವಾಸನೆ ತೇಲಿ ಬಂದದ್ದೇ ತಡ, ಕೈಯಲ್ಲಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಹೋದೆ, ಬೀದಿ ನೋಡಿದೆ, ಒಳಗೆ ಬಂದೆ, ನೀರು ಕುಡಿದೆ, ಮತ್ತೆ ಬಾಗಿಲಿಗೆ ಹೋದೆ. ಸೌಟು ಹಿಡಿದುಕೊಂಡೇ ಅಕ್ಕ ಇಣುಕಿದಳು.

"ಒಸಿ ಒಂದ್ಕಡೆ ಕೂತ್ಕೊಳ್ಳೋ. ಅವ್ರು ನೋಡಾಕ್ ಬತ್ತಿರೋದು ನನ್ನ ಮಗಳ್ನ, ನಿನ್ನಲ್ಲ."

ಪವಿತ್ರ ನಕ್ಕಳು. ನಾನೂ ನಕ್ಕೆ. ನಕ್ಕು ಮತ್ತೆ ಬಾಗಿಲಿಗೇ ಹೋದೆ.

ನೀವು ಹೆಣ್ಣು ನೋಡಲು ಹೋದವರೋ ಅಲ್ಲವೋ ನನಗೆ ತಿಳಿಯದು. ಒಂದೆರಡು ಸಲ ಹೋಗಿ ಮದುವೆಯಾದವರಿಗೆ ಅದೊಂದು ತಮಾಷೆಯ ನೆನಪು. ನಾನು ಹೋದದ್ದು ವರ್ಷಗಟ್ಟಲೆ, ಹೋದ ಮನೆಯಲ್ಲೆಲ್ಲ ಅದೇ ಕೇಸರಿಬಾತಿನ ವಾಸನೆ. ಕುದೂರಿನ ಹತ್ತಿರ ನಮ್ಮ ಊರು. ಬಿ.ಎ. ಮುಗಿಸಿ ಬಂದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಅಂತ ನಿಂತವನು ನಾನು. ಯಾರ ಬಲವಂತವೂ ಇರಲಿಲ್ಲ, ನನಗೆ ಆ ಕೆಲಸ ಇಷ್ಟವಿತ್ತು. ಆದರೆ ನಮ್ಮ ಕಡೆ ಹೆಣ್ಣು ಹೆತ್ತವರ ಮುಂದೆ "ಹುಡುಗ ಊರಲ್ಲೇ ಇದ್ದಾನೆ" ಅಂದರೆ ಆ ಮನೆಯ ಫ್ಯಾನಿನ ಸದ್ದು ಕೇಳುವಷ್ಟು ಮೌನವಾಗುತ್ತದೆ. ಆಮೇಲೆ ಯಾರಾದರೂ ಮಳೆಯ ವಿಷಯ ತೆಗೆಯುತ್ತಾರೆ.

ನನ್ನನ್ನು ಕರೆದುಕೊಂಡು ಹೋಗುತ್ತಿದ್ದವರು ಸೋದರಮಾವ, ಅಮ್ಮನ ತಮ್ಮ. ಕುದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಹತ್ತು ಮನೆಗೆ ಕೇಳಿಸುವ ಗಂಟಲು. ಹೆಣ್ಣಿನ ಮನೆಯ ಹೊಸಿಲು ದಾಟುತ್ತಿದ್ದ ಹಾಗೇ ನನ್ನನ್ನು ಹೊಗಳಲು ಶುರು ಮಾಡುತ್ತಿದ್ದರು. ಒಂದು ಮನೆಯಲ್ಲಂತೂ "ನಮ್ ಹುಡ್ಗ ಕಾಫಿ ಟೀನೂ ಮುಟ್ಟಾಕಿಲ್ಲ ಸ್ವಾಮಿ" ಅಂದರು. ಆ ಹೊತ್ತಿಗೆ ನಾನು ಕಾಫಿ ಲೋಟವನ್ನು ತುಟಿಗೆ ತಂದಾಗಿತ್ತು. ಕೆಳಗಿಡಲೋ ಕುಡಿಯಲೋ ತೋಚದೆ ಬಿಸಿ ಲೋಟ ಹಿಡಿದುಕೊಂಡೇ ಕೂತೆ. ಬೆರಳು ಸುಟ್ಟಿತು. ಹುಡುಗಿ ಮುಖ ತಗ್ಗಿಸಿ ನಗುತ್ತಿದ್ದಳು. ಆ ಮನೆಯವರೂ ಹೊರಡುವಾಗ ಅದೇ ಮಾತು ಹೇಳಿದರು: "ತಿಳಿಸ್ತೀವಿ."

ಈ "ತಿಳಿಸ್ತೀವಿ"ಯಲ್ಲಿ ಎಷ್ಟು ಬಗೆ ಇದೆ ಅನ್ನುವುದು ನನಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರಲಾರದು. ಗೇಟಿನವರೆಗೂ ಬಂದು ಹೇಳುವುದು ಒಂದು. ಕುರ್ಚಿಯಿಂದ ಏಳದೆ ಹೇಳುವುದು ಇನ್ನೊಂದು. ಟಿ.ವಿ. ಕಡೆ ನೋಡುತ್ತ ಹೇಳಿದರೆ ಬಸ್ಸಿನಲ್ಲಿ ಯೋಚನೆ ಮಾಡುವ ಅಗತ್ಯವೇ ಇಲ್ಲ. ಎಲ್ಲದರ ಕೊನೆಯೂ ಒಂದೇ. ಕೆಲವು ದಿನ ಕಳೆದ ಮೇಲೆ ಮಾವ ನಮ್ಮ ತೋಟಕ್ಕೆ ಬರುತ್ತಿದ್ದರು. ಬದುವಿನ ಮೇಲೆ ನಿಂತು, ನನ್ನ ಮುಖ ನೋಡದೆ, ಗಿಡ ನೋಡುತ್ತ ಹೇಳುತ್ತಿದ್ದರು.

"ಜಾತ್ಕ ಕೂಡ್ನಿಲ್ವಂತೆ ಕಣ್ಲಾ."

ಒಂದು ಸಲ ನಾನು ಕೇಳಿಯೇಬಿಟ್ಟೆ. "ಮಾವ, ಅವ್ರು ನಮ್ಮ ಹತ್ರ ಜಾತಕಾನೇ ಇಸ್ಕೊಂಡಿರ್ಲಿಲ್ವಲ್ಲ?"

ಮಾವ ತಬ್ಬಿಬ್ಬಾದರು. "ಮನ್ಸಿನಾಗೇ ಲೆಕ್ಕ ಆಕಿರ್ತಾರೆ ಬುಡು. ನಡಿ, ಸೊಪ್ಪು ಚೆನ್ನಾಗ್ ಬಂದೈತೆ."

ಅವರಿಗೆ ನನ್ನ ಮೇಲೆ ಪ್ರೀತಿಯಿತ್ತು. ಆ ಪ್ರೀತಿಗೆ ಬೇರೆ ಮಾತು ಗೊತ್ತಿರಲಿಲ್ಲ. ಆದರೆ ನಿಜವಾದ ಕಾರಣ ಕೇಳಿಸದೆ ಹೋದಾಗ ಮನಸ್ಸು ಸುಮ್ಮನಿರುತ್ತದೆಯೇ? ತನಗೆ ತಾನೇ ಕಾರಣ ಹುಡುಕಿಕೊಳ್ಳುತ್ತದೆ. ಮೂಗು ದಪ್ಪವೇ? ಶರ್ಟಿಗೆ ರೇಷ್ಮೆ ಹುಳ ಸಾಕುವ ಮನೆಯ ವಾಸನೆ ಅಂಟಿತ್ತೇ? ಕೇಸರಿಬಾತು ಹೆಚ್ಚು ತಿಂದೆನೇ, ಕಮ್ಮಿ ತಿಂದೆನೇ? ಬರಬರುತ್ತ ಈ ಭಯ ಹೆಣ್ಣಿನ ಮನೆ ಬಿಟ್ಟು ಬೇರೆ ಕಡೆಗೂ ಹಬ್ಬಿತು. ಅಂಗಡಿಯಲ್ಲಿ "ಬೇರೆ ಬಣ್ಣದ್ದು ತೋರಿಸಿ" ಅನ್ನಲು ಹಿಂಜರಿಕೆ. ಮದುವೆ ಊಟದಲ್ಲಿ ಸಾರು ಇನ್ನೊಂದು ಸಲ ಕೇಳಲು ಹಿಂಜರಿಕೆ. ಬಸ್ಸಿನಲ್ಲಿ "ಒಸಿ ಸರ್ಕೊಳ್ಳಿ" ಅನ್ನಲಾಗದೆ ಮಾಗಡಿಯವರೆಗೂ ನಿಂತೇ ಹೋದದ್ದುಂಟು. ಇಲ್ಲ ಅಂದುಬಿಟ್ಟರೆ? ಕೇಳದೇ ಇದ್ದರೆ ಯಾರೂ ಇಲ್ಲ ಅನ್ನುವಂತಿಲ್ಲವಲ್ಲ. ನನ್ನ ಬುದ್ಧಿವಂತಿಕೆ ಅಲ್ಲಿಗೆ ಬಂದು ನಿಂತಿತ್ತು.

ಹೀಗಿರುವಾಗ ಕನಕಪುರದ ಹತ್ತಿರದ ಒಂದು ಊರಿಗೆ ಹೋದೆವು. ಹುಡುಗಿಯ ಹೆಸರು ಮಂಗಳ. ಕನಕಪುರದಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವರದೂ ರೇಷ್ಮೆ ಬೆಳೆಯುವ ಮನೆ. ಹಿರಿಯರು ಇಬ್ಬರನ್ನೂ ಹಿತ್ತಲಿಗೆ ಕಳಿಸಿ "ಏನಾರ ಮಾತಾಡ್ಕೊಳ್ಳಿ" ಅಂದರು. ಅವಳೇ ಮೊದಲು ಕೇಳಿದಳು.

"ಹುಳ ದೊಡ್ಡವಾದ್ಮೇಲೆ ಸೊಪ್ಪು ತಿನ್ನೋವಾಗ ಮಳೆ ಬಂದಂಗೆ ಸದ್ದಾಗುತ್ತಲ್ಲ, ಅದು ನಿಮಗಿಷ್ಟಾನಾ?"

"ಇಷ್ಟ," ಅಂದೆ. "ಎಷ್ಟೋ ಸಲ ಸೊಪ್ಪು ಹಾಕಿ ಅಲ್ಲೇ ಕೂತ್ಬಿಡ್ತೀನಿ."

"ನಾನೂ," ಅಂದಳು. ಅಷ್ಟೇ ಮಾತು. ಆದರೆ ಅಲ್ಲಿಂದ ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಕಂಡದ್ದೆಲ್ಲ ನನಗೆ ಬೇರೆಯಾಗಿ ಕಾಣುತ್ತಿತ್ತು. ಮೊದಲ ಸಲ ನನಗೇ ಈ ಹುಡುಗಿ ಬೇಕು ಅನ್ನಿಸಿತ್ತು. ಬೇಕು ಅನ್ನಿಸಿದ್ದೇ ಭಯ ಇಮ್ಮಡಿಯಾಯಿತು.

ಅವಳ ಅಪ್ಪ ಗೇಟಿನವರೆಗೂ ಬಂದು "ತಿಳಿಸ್ತೀವಿ" ಅಂದಿದ್ದರು. ಮಾವ ಆ ವಾರ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುವವರಿದ್ದರಿಂದ ನನ್ನ ಫೋನ್ ನಂಬರನ್ನೇ ಕೊಟ್ಟಿದ್ದರು. ಕೆಲವು ದಿನ ಬಿಟ್ಟು ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ನೋಡಿದ ಕೂಡಲೇ ಗೊತ್ತಾಯಿತು. ಫೋನನ್ನು ಹುಳದ ಮನೆಯ ಗೋಡೆಗೂಡಿನಲ್ಲಿಟ್ಟು ತೋಟಕ್ಕೆ ಹೋಗಿಬಿಟ್ಟೆ. ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಮಾರನೆಯ ದಿನ ಮತ್ತೆ ಬಂತು, ಎತ್ತಲಿಲ್ಲ. ಅದರ ಮಾರನೆಯ ದಿನವೂ ಅಷ್ಟೇ. ಆಮೇಲೆ ನಿಂತಿತು. ಅಮ್ಮ ಕೇಳಿದಾಗ ನಾನೇ ಹೇಳಿದೆ, "ಜಾತಕ ಕೂಡ್ಲಿಲ್ವಂತೆ." ಮಾವನ ಮಾತು ನನ್ನ ಬಾಯಿಗೂ ಸಲೀಸಾಗಿ ಬಂತು.

ಆ ಬೆಳೆಯ ರೇಷ್ಮೆ ಗೂಡು ಬಿಡಿಸಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದೆ. ಬೆಳಗಿನ ಹೊತ್ತು. ಒಳಗೆ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಹರವಿದ ಗೂಡು, ಅದನ್ನು ಕೈಯಲ್ಲಿ ಹಿಡಿದು ಕುಲುಕಿ ನೋಡುವ, ನೂಲು ತೆಗೆಯುವ ರೀಲರುಗಳು, ಕೂಗಾಟ. ನನ್ನ ಗೂಡಿನ ಪಕ್ಕ ನಿಂತಿದ್ದೆ. ಹಿಂದಿನಿಂದ ಯಾರೋ "ನೀವು ಕುದೂರು ಕಡೆಯವ್ರಲ್ವಾ?" ಅಂದರು. ತಿರುಗಿದರೆ ಮಂಗಳ. ಅಪ್ಪನನ್ನು ಅವರ ಗೂಡಿನ ಹತ್ತಿರ ಬಿಟ್ಟು ಒಬ್ಬಳೇ ಬಂದಿದ್ದಳು.

"ಒಂದು ಮಾತು ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡಿ. ನನ್ನಲ್ಲಿ ಏನು ಹಿಡಿಸ್ಲಿಲ್ಲ?"

ನನಗೆ ಅರ್ಥವಾಗಲಿಲ್ಲ. "ಯಾರಿಗೆ?"

"ನಿಮಗೇ. ಅಪ್ಪ ಮೂರು ದಿನ ಫೋನ್ ಮಾಡಿದ್ರು. ನೀವು ಎತ್ತಲೇ ಇಲ್ಲ. ನಮಗೆ ಒಪ್ಪಿಗೆ ಅಂತ ಹೇಳಾಕೆ ಮಾಡಿದ್ದು."

ಸುತ್ತಲಿನ ಗದ್ದಲವೆಲ್ಲ ದೂರ ಸರಿದ ಹಾಗಾಯಿತು. ಸುಳ್ಳು ಹೇಳಲು ಹೊಳೆಯಲಿಲ್ಲ. "ಬೇಡ ಅಂತೀರೇನೋ ಅಂತ ಭಯ ಆಯ್ತು. ಅದಕ್ಕೇ ಎತ್ತಲಿಲ್ಲ."

ಅವಳು ನನ್ನನ್ನೇ ನೋಡಿದಳು. ನಗು ಬಂತು ಅವಳಿಗೆ, ನಗುತ್ತಲೇ ಕಣ್ಣು ತುಂಬಿತು. "ನಾನು ಎಷ್ಟು ಸಲ ಕನ್ನಡಿ ನೋಡ್ಕೊಂಡೆ ಗೊತ್ತಾ? ಬಣ್ಣ ಕಮ್ಮಿ ಅಂತ ಬುಟ್ರಾ, ನಾನೇ ಮೊದ್ಲು ಮಾತಾಡ್ದೆ ಅಂತ ಬುಟ್ರಾ ಅಂತ. ಬೇಡ ಅನ್ನೋದಾದ್ರೆ ಬಾಯ್ಬುಟ್ಟು ಹೇಳ್ಬೇಕು ಕಣ್ರೀ. ಸುಮ್ನಿದ್ರೆ ನಾವು ಏನಂತ ತಿಳ್ಕೋಬೇಕು?"

ನಾನು ಅಲ್ಲಿಯವರೆಗೆ ಹೆಣ್ಣಿನ ಕಡೆಯವರನ್ನು ನೇರವಾಗಿ ಏನೂ ಕೇಳಿದವನಲ್ಲ. ಆವತ್ತು ಕೇಳಿದೆ. "ಈಗ ಕೇಳ್ತಿದೀನಿ. ನಿಮಗೆ ಒಪ್ಪಿಗೆನಾ?"

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಇಲ್ಲ. ಚನ್ನಪಟ್ಟಣದ ಕಡೆಯವ್ರಿಗೆ ಮಾತು ಕೊಟ್ಟಾಯ್ತು. ಅವ್ರು ಒಳ್ಳೆಯವ್ರು, ನೋಡಾಕ್ ಬಂದ ದಿನಾನೇ ಒಪ್ಪಿಗೆ ಅಂತ ಹೇಳಿದ್ರು. ನಾನೂ ಮನಸಿಟ್ಟೇ ಒಪ್ಕೊಂಡಿದೀನಿ."

"ನಿಮ್ಮಲ್ಲಿ ಏನೂ ಕೊರತೆ ಇರ್ಲಿಲ್ಲ," ಅಂದೆ.

"ಸರಿ," ಅಂದಳು. "ಇಷ್ಟೇ ಬೇಕಾಗಿತ್ತು." ಅಪ್ಪನ ಕಡೆ ಹೊರಟುಹೋದಳು.

ಒಬ್ಬರು ನನ್ನ ಮುಖ ನೋಡಿ "ಇಲ್ಲ" ಅಂದದ್ದು ಅದೇ ಮೊದಲು. ಅಷ್ಟು ವರ್ಷ ಯಾವುದಕ್ಕೆ ಹೆದರಿ ಓಡಾಡಿದ್ದೆನೋ ಅದು ಎದುರಿಗೇ ಬಂದು ನಿಂತು ಹೋಗಿತ್ತು. ಗೂಡಿನ ಪಕ್ಕ ನೆಲದಲ್ಲೇ ಕೂತೆ. ಆದರೆ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ನನಗೆ ಹಸಿವಾಯಿತು ಅಂದರೆ ನಂಬುತ್ತೀರಾ? ಹೋಟೆಲಿಗೆ ಹೋಗಿ ಊಟ ಮಾಡಿದೆ, ಸಾರು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡೆ. ದುಃಖ ಆಮೇಲೆ ಬಂತು, ತಿಂಗಳುಗಟ್ಟಲೆ ಇತ್ತು. ಆದರೆ ಅದು ದುಃಖವಷ್ಟೇ ಆಗಿತ್ತು. ನನ್ನ ಮೂಗು, ನನ್ನ ಶರ್ಟು, ನನ್ನ ವಾಸನೆ ಅಂತ ಅದಕ್ಕೆ ಬಾಲಗಳಿರಲಿಲ್ಲ.

ಮಾವನಿಗೆ ಎಲ್ಲವನ್ನೂ ಹೇಳಿದೆ. ಆಪರೇಷನ್ ಆದವರಿಗೆ ಕೊಡುವ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಗೊಬ್ಬರದ ಮೂಟೆಗೆ ಒರಗಿ ಕೂತಿದ್ದರು. ಕನ್ನಡಕ ಸರಿಮಾಡಿಕೊಂಡು ಅಂದರು: "ನಿಂಗೆ ನೋವಾಯ್ತದೆ ಅಂತ ಜಾತ್ಕ ಜಾತ್ಕ ಅಂತಿದ್ದೆ ಕಣ್ಲಾ. ಇನ್ಮೇಕೆ ನಾನು ಬಾಯ್ಬುಡಾಕಿಲ್ಲ. ನೀನೇ ಕೇಳು, ಉತ್ರಾನೂ ನೀನೇ ಯೋಳಿಸ್ಕೊ."

ಹಾಗೇ ಮಾಡಿದೆವು. ಮಾವ ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರಲು ಪಟ್ಟ ಕಷ್ಟ ಅವರಿಗೇ ಗೊತ್ತು. ನಾನೇ ಕೇಳುತ್ತಿದ್ದೆ. "ಹಳ್ಳಿ ಬೇಡ" ಅಂದವರಿದ್ದರು. "ನೀವು ತುಂಬ ಕಪ್ಪು" ಅಂದ ಹುಡುಗಿಯೂ ಇದ್ದಳು. ಅದು ನಿಜವೇ ಆದ್ದರಿಂದ ನಾನು ಹೂಂಗುಟ್ಟಿದೆ. ಒಬ್ಬಳು ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು, "ನಂಗೂ ಭಯ ಐತೆ. ಆದ್ರೂ ಹೂಂ ಅಂತೀನಿ" ಅಂದಳು. ಈಗ ನಮ್ಮ ಹುಳದ ಮನೆಯಲ್ಲಿ ನನ್ನನ್ನು ಗದರಿಸುತ್ತ ಓಡಾಡುವವಳು ಅವಳೇ. ಮಾವ ನಮ್ಮ ಮದುವೆ ನೋಡಿದರು. ಈಗಿಲ್ಲ.

ಹಾಗಾಗಿ ಹೋದ ಭಾನುವಾರ ಅಕ್ಕನ ಮನೆಯಲ್ಲಿ ಸೋದರಮಾವನ ಕುರ್ಚಿಯಲ್ಲಿ ಕೂತವನು ನಾನು. ಬಂದ ಹುಡುಗನ ಊರು ಮಾಗಡಿಗೂ ರಾಮನಗರಕ್ಕೂ ನಡುವೆ. ಹಿಪ್ಪುನೇರಳೆ ತೋಟ, ಒಂದಷ್ಟು ಕುರಿ. ಅಪ್ಪ ಇಲ್ಲ, ಅಮ್ಮನಿಗೆ ಮಂಡಿ ನೋವು ಅಂತ ಚಿಕ್ಕಪ್ಪನ ಜೊತೆ ಬಂದಿದ್ದ. ಕಾಲರು ಸರಿಮಾಡಿಕೊಳ್ಳುತ್ತಿದ್ದ, ತಟ್ಟೆಯನ್ನೇ ನೋಡುತ್ತಿದ್ದ. ಹೊರಡುವಾಗ ಭಾವ ಕೈಮುಗಿದು ಅಂದರು: "ಆಯ್ತು, ತಿಳಿಸ್ತೀವಿ." ಹುಡುಗ ತಲೆಯಾಡಿಸಿದ ರೀತಿಯನ್ನು ನಾನು ಬೇರೆ ಯಾರಲ್ಲೂ ಅಲ್ಲ, ಕನ್ನಡಿಯಲ್ಲಿ ನೋಡಿದ್ದೆ.

ಅವರು ಹೋದ ಮೇಲೆ ಪವಿತ್ರ ನನ್ನ ಪಕ್ಕ ಬಂದು ಕೂತಳು. "ಮಾವ, ಆ ಹುಡುಗ ಒಳ್ಳೆಯವ್ರ ಥರಾನೇ ಕಾಣ್ತಾರೆ. ಆದ್ರೆ ನಂಗೆ ಹುಳದ ಮನೆ ಆಗಲ್ಲ. ನೀವು ಬೇಜಾರು ಮಾಡ್ಕೋಬೇಡಿ."

ಬೇಜಾರಾಯಿತು, ಯಾಕೆ ಸುಳ್ಳು ಹೇಳಲಿ? ಎದೆಯಲ್ಲಿ ಒಂದು ಹಳೆಯ ಜಾಗಕ್ಕೇ ತಾಗಿತು. ಆದರೆ ಅವಳ ಬಾಳು ಅವಳದು. "ಸರಿ ಬಿಡಮ್ಮ" ಅಂದೆ. ಭಾವ ಒಳಗಿನಿಂದಲೇ ಪರಿಹಾರ ಹೇಳಿದರು. "ಒಂದು ಹದಿನೈದು ದಿನ ಬುಟ್ಟು ಜಾತ್ಕ ಕೂಡ್ನಿಲ್ಲ ಅಂತ ಫೋನ್ ಮಾಡ್ಬುಟ್ರಾಯ್ತು."

"ಬೇಡಿ ಭಾವ," ಅಂದೆ. "ನಾಳೆ ನಾನೇ ಹೋಗಿ ಹೇಳ್ಬತ್ತೀನಿ."

ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ನನಗೂ ವಿಚಿತ್ರವೆನಿಸಿತು. ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಇಲ್ಲ ಅನ್ನುವುದೇ ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ. ಹೇಗೆ ಶುರು ಮಾಡಲಿ, ಎದುರು ಬಾಗಿಲಲ್ಲಿ ತಾಯಿ ಇದ್ದರೆ ಏನು ಹೇಳಲಿ ಅಂತ ಕಿಟಕಿಯ ಕಂಬಿ ಹಿಡಿದು ಬಿಟ್ಟು ಮಾಡುತ್ತಲೇ ಕೂತೆ. ಇಳಿಯುವ ಜಾಗ ದಾಟಿ ಹೋಗಿ ಮುಂದಿನ ಸ್ಟಾಪಿನಿಂದ ವಾಪಸು ನಡೆದು ಬಂದೆ.

ಹುಡುಗ ಮನೆಯ ಪಕ್ಕದ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದ. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟು ಬಂದ. ನಾನು ಸುತ್ತಿ ಬಳಸಲಿಲ್ಲ. "ನಮ್ಮ ಹುಡುಗಿ ಬೇಡ ಅಂದ್ಲಪ್ಪ. ನಿನ್ನಲ್ಲೇನೂ ಕೊರತೆ ಇಲ್ಲ. ಹುಳದ ಮನೆ ಕೆಲಸ ಅವಳಿಗೆ ಆಗಲ್ಲವಂತೆ, ಅಷ್ಟೇ."

ಅವನು ಕೈಗಂಟಿದ ಸೊಪ್ಪಿನ ಚೂರನ್ನು ಉಜ್ಜಿ ತೆಗೆಯುತ್ತ ನಿಂತ. ಮುಖ ಒಂದು ಕ್ಷಣ ಬಾಡಿತು. ಆಮೇಲೆ ಉಸಿರು ಬಿಟ್ಟ, ಅದು ನನಗೆ ಕೇಳಿಸಿತು. "ಇದನ್ನ ಹೇಳಾಕೆ ಅಲ್ಲಿಂದ ಬಂದ್ರಾ ಅಣ್ಣ?"

"ಹೂಂ."

"ಇಷ್ಟು ಜನದಲ್ಲಿ ನೀವೇ ಮೊದ್ಲು."

ಅಷ್ಟರಲ್ಲಿ ಅವನ ತಾಯಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ನಾನು ಯಾರ ಕಡೆಯವನು ಅಂತ ಊಹಿಸಿಬಿಟ್ಟಿದ್ದರು. ಮುಖವೆಲ್ಲ ನಗು. ನಾನು ಮಾತು ಹುಡುಕುವ ಮೊದಲೇ ಹುಡುಗ ಗಟ್ಟಿಯಾಗಿ ಹೇಳಿದ:

"ಅವ್ವಾ, ಹುಡ್ಗಿ ಬ್ಯಾಡ ಅಂದವ್ಳಂತೆ. ಅಣ್ಣ ಅದ್ನ ಹೇಳಾಕೇ ಬಂದವ್ರೆ. ಕಾಫಿ ಇಡು."

ಆ ಅಮ್ಮ ಗೋಡೆಯ ಮೇಲಿಟ್ಟ ಕೈ ತೆಗೆಯದೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. ನಗು ಇಳಿಯಿತು. ಆಮೇಲೆ ಅವರು ನಿಧಾನವಾಗಿ ಒಳಗೆ ತಿರುಗಿಕೊಳ್ಳುತ್ತ ಕೇಳಿದರು:

"ಸಕ್ರೆ ಆಕ್ಲಾ, ಬೆಲ್ಲ ಆಕ್ಲಾ?"