ಗುಚ್ಛಿ ಕೊಳ್ಳುವುದನ್ನು ಕಲಿತದ್ದು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪುಣೆಯ ರವಿವಾರ ಪೇಟೆಯಲ್ಲಿ ಬದಾಮಿ, ಕೇಸರಿ ಮಾರುವ ಅಂಗಡಿಯವರು ನನ್ನನ್ನು ಕಂಡರೆ ಕೊಂಚ ನೆಟ್ಟಗೆ ಕೂಡುತ್ತಾರೆ. ಒಣ ಗುಚ್ಛಿಯ ಒಳ್ಳೆಯದು ಕೆಟ್ಟದ್ದು ತಿಳಿದವನು ಎಂದು ಅಲ್ಲಿ ನನಗೊಂದು ಹೆಸರಿದೆ. ಆ ಹೆಸರು ನಿಜವಾಗಿ ನನ್ನ ಹೆಂಡತಿ ತುಂಗಾಳದು. ಅವಳಾದರೋ ಹುಟ್ಟಿದಾಗಿನಿಂದ ಒಂದು ಗುಚ್ಛಿಯನ್ನೂ ನಾಲಿಗೆಗೆ ಮುಟ್ಟಿಸಿದವಳಲ್ಲ.

ಗುಚ್ಛಿ ಎಂದರೆ ಹಿಮಾಲಯದ ಕಾಡುಗಳಲ್ಲಿ ಹಿಮ ಕರಗುವ ಹೊತ್ತಿಗೆ ತಾನಾಗಿ ಏಳುವ ಅಣಬೆ. ಗುಡುಗಿದರೆ ಏಳುತ್ತದೆ ಎಂದು ಆ ಕಡೆಯ ಜನ ನಂಬುತ್ತಾರಂತೆ. ಹುಡುಕಿ ಆರಿಸಿ, ಮಾಲೆಯಂತೆ ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಪುಣೆಗೆ ಬಂದು ಮುಟ್ಟುವ ಹೊತ್ತಿಗೆ ಅದು, ಜೇನುಗೂಡನ್ನು ಹೆಬ್ಬೆರಳಿನಷ್ಟು ಕುಗ್ಗಿಸಿ ಹೊಗೆಗೆ ಹಿಡಿದಂತೆ ಕಾಣುತ್ತದೆ. ನಮ್ಮ ಶಾಸ್ತ್ರಕಾರರು ಬೆಳ್ಳುಳ್ಳಿ, ಉಳ್ಳಾಗಡ್ಡಿಗಳ ಸಾಲಿನಲ್ಲೇ ಅಣಬೆಯನ್ನೂ ಕೂಡಿಸಿ ಮೂರನ್ನೂ ಮನೆಯಿಂದ ಹೊರಗೆ ಹಾಕಿದ್ದಾರೆ. ಇಷ್ಟು ಕುರೂಪಿಯಾದದ್ದನ್ನು ಬೇಡವೆನ್ನಲು ಶಾಸ್ತ್ರವೇಕೆ ಬೇಕಿತ್ತು ಎಂದು ಮೊದಲು ನನಗೆ ಅನ್ನಿಸಿತ್ತು. ಈಗ ಅನ್ನಿಸುವುದು ಬೇರೆ: ಅದರ ರುಚಿ ಬಲ್ಲವರೊಬ್ಬರು ಆ ಶಾಸ್ತ್ರಕಾರರ ಸಭೆಯಲ್ಲಿ ಇದ್ದಿರಬೇಕು.

ನಾನು, ತುಂಗಾ, ನಮ್ಮ ಪುಟ್ಟ ಮಗಳು ಧಾರವಾಡದಿಂದ ಬಂದು ಶನಿವಾರ ಪೇಟೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದು ಆಗ ನಾಲ್ಕು ವರ್ಷವಾಗಿತ್ತು. ಊರಾಚೆ ದಂಡಿನವರ ಕ್ಯಾಂಪಿನಲ್ಲಿ ಪಂಜಾಬದ ಕಡೆಯ ನಿವೃತ್ತ ಇಂಜಿನಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಲಾಲಾಜಿ ಎನ್ನುತ್ತಿದ್ದರು. ಅವರ ಕಾಗದಪತ್ರ ಬರೆಯುವ ಗುಮಾಸ್ತ ನಾನು. ಅವರ ಹೆಂಡತಿ ಬೀಬೀಜಿ ಗುಡ್ಡಗಾಡಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಆ ವರ್ಷ ಆಕೆಗೆ ವಿಷಮಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಹಸಿವೆ ಮರಳಲಿಲ್ಲ. ಗಂಜಿ ತಂದರೆ ಮುಖ ತಿರುಗಿಸುತ್ತಿದ್ದರು, ಹಾಲು ತಂದರೆ ಕಣ್ಣು ಮುಚ್ಚುತ್ತಿದ್ದರು. ಮೂರು ವಾರ ಹಾಸಿಗೆಯಿಂದ ಎದ್ದು ಕೂಡಲಿಲ್ಲ. ಜ್ವರದಿಂದ ಉಳಿದವರು ಉಪವಾಸದಿಂದ ಹೋಗುತ್ತಾರೆ ಎಂದು ಡಾಕ್ಟರರು ಲಾಲಾಜಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಬೆಳಿಗ್ಗೆ ಬೀಬೀಜಿ ತಾವಾಗಿಯೇ, "ಗುಚ್ಛಿಯ ಪುಲಾವು ಇದ್ದರೆ ಎರಡು ತುತ್ತು ತಿಂದೇನು" ಎಂದರು. ಲಾಲಾಜಿ ಓಡಿಬಂದು ನನ್ನ ಕೈ ಹಿಡಿದರು. "ಪಂಡಿತಜೀ, ಎಲ್ಲಿಂದಾದರೂ ತನ್ನಿ!"

ನಾನು ರವಿವಾರ ಪೇಟೆಗೆ ಹೋದೆ. ಗೊತ್ತಿಲ್ಲದವನ ಗತ್ತು ದೊಡ್ಡದು. ಅಂಗಡಿಯವ ತೋರಿಸಿದ ಮಾಲೆಗಳಲ್ಲಿ ಎಲ್ಲಕ್ಕಿಂತ ದಪ್ಪನಾದದ್ದನ್ನು, ಕೈಯಲ್ಲಿ ತೂಕವಾಗಿ ಕೂತದ್ದನ್ನು ಆರಿಸಿದೆ. "ಮಾಲ ಅಸ್ಸಲ ಆಹೆ, ಸಾಹೇಬ", ಅಸಲಿ ಮಾಲನ್ನೇ ಹಿಡಿದಿರಿ ಎಂದು ಅವನು ನನ್ನ ಜಾಣತನವನ್ನು ಹೊಗಳಿದ. ಅಷ್ಟಕ್ಕೇ ನಾನು ಉಬ್ಬಿಹೋದೆ.

ಲಾಲಾಜಿಯ ಅಡಿಗೆಯವ ಅದನ್ನು ಬಿಸಿನೀರಿನಲ್ಲಿ ನೆನೆಹಾಕಿದ. ಗಳಿಗೆಯಲ್ಲಿ ನೀರು ಮುಠಾ ನದಿಯ ಮೊದಲ ಮಹಾಪೂರದಂತೆ ಕೆಸರಾಯಿತು. ಒಂದೊಂದು ಗುಚ್ಛಿಯ ಹೊಟ್ಟೆಯಲ್ಲೂ ತೂಕಕ್ಕೆಂದು ಮೆತ್ತಿದ ಮಣ್ಣು, ಸಣ್ಣ ಹರಳು. ಕೆಲವುಗಳಲ್ಲಿ ಸತ್ತ ಹುಳಗಳು ಕೂಡ. ಅಡಿಗೆಯವ ಪಾತ್ರೆಯನ್ನು ನನ್ನ ಮುಂದೆ ಹಿಡಿದ. ಲಾಲಾಜಿ ಕಿಟಕಿಯ ಕಡೆ ತಿರುಗಿ ನಿಂತರು. ಬೀಬೀಜಿಗೆ ವಿಷಯ ತಿಳಿಯಿತು. ಒಳಗೆ ಕರೆಸಿದರು. ಬೈಸಿಕೊಳ್ಳಲು ಸಿದ್ಧನಾಗಿ ಹೋದೆ. ಆಕೆ ಸಣ್ಣ ದನಿಯಲ್ಲಿ ಕೇಳಿದ್ದು, "ನಿಮ್ಮ ಮಗಳ ಕೆಮ್ಮು ಹೇಗಿದೆ?" ಎಂದು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನೆನೆಹಾಕದೆ ಮಿಕ್ಕಿದ್ದ ನಾಲ್ಕಾರು ಗುಚ್ಛಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬಂದು ಹೊರಜಗುಲಿಯಲ್ಲಿ ಕೂತೆ. ತುಂಗಾ ದೂರದಿಂದಲೇ ಬಗ್ಗಿ ನೋಡಿದಳು.

"ಇದೇನ್ರೀ? ಒಣಗಿದ ಜೇನಹುಟ್ಟೇನು?"

ಎಲ್ಲವನ್ನೂ ಹೇಳಿದೆ. ಅಣಬೆ ಎಂದೊಡನೆ ಎರಡು ಹೆಜ್ಜೆ ಹಿಂದೆ ಸರಿದಳು. ಬೀಬೀಜಿ ಮಗಳ ಕೆಮ್ಮು ಕೇಳಿದರೆಂದಾಗ ಮೂರು ಹೆಜ್ಜೆ ಮುಂದೆ ಬಂದಳು. ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ತೂಗಿದಳು.

"ಒಣಗಿದ್ದು ಹಗುರ ಇರಬೇಕೋ ಭಾರ ಇರಬೇಕೋ? ನೀವು ಭಾರ ನೋಡಿ ತಂದೀರಿ. ನಮ್ಮಪ್ಪ ನೋಡಿದ್ದರ ನಗತಿದ್ದರು."

ತುಂಗಾಳ ತಂದೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲರು. ಚೀಲದೊಳಗೆ ಮೊಳಕೈಮಟ ಕೈ ಇಳಿಸಿ, ಕಣ್ಣುಮುಚ್ಚಿ ಮಾಲಿನ ಜಾತಕ ಹೇಳುತ್ತಿದ್ದ ಮನುಷ್ಯ. ಅವರ ಪಕ್ಕದಲ್ಲಿ ಕೂತು ಬೆಳೆದವಳು ಇವಳು.

"ನಾಳೆ ನಾನೂ ಬರ್ತೀನಿ. ಮುಟ್ಟಿದ ಮ್ಯಾಲ ಸ್ನಾನ ಮಾಡಿದರಾತು."

ಮರುದಿನ ಅದೇ ಬೀದಿಯ ಇನ್ನೊಂದು ಅಂಗಡಿ. ಅಂಗಡಿಯವ ಡಬ್ಬಿಯ ಮೇಲಿನ ಮಾಲೆ ಎತ್ತಿ ತೋರಿಸುತ್ತಿದ್ದಂತೆ ಇವಳು ಸೀದಾ ತಳಕ್ಕೆ ಕೈ ಹಾಕಿದಳು. ಅಲ್ಲಿದ್ದದ್ದನ್ನು ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಹಸಿ ಅದ ರೀ. ಒಣಗಿದ್ದು ಮಾತಾಡತದ. ಇದು ಬಾಯಿ ಮುಚ್ಚಿಕೊಂಡು ಕೂತದ" ಎಂದು ನನಗೆ ಕನ್ನಡದಲ್ಲಿ, "ಹಾ ನಕೋ, ದುಸರಾ ದಾಖವಾ" ಎಂದು ಅವನಿಗೆ ಮರಾಠಿಯಲ್ಲಿ.

ಅವನು ಎರಡನೆಯ ಡಬ್ಬಿ ಇಳಿಸಿದ. ಅದರಲ್ಲಿ ತೂಕ ಬರಲೆಂದು ಉದ್ದುದ್ದ ತೊಟ್ಟು ಉಳಿಸಿದ್ದರು. ಮೂರನೆಯದಕ್ಕೆ ಬರಿ ಹೊಗೆಯ ನಾತ. ನಾಲ್ಕನೆಯ ಡಬ್ಬಿ ಅವನ ಗಾದಿಯ ಹಿಂದಿನಿಂದ ಬಂತು. ಸಣ್ಣ ಸಣ್ಣ ಗುಚ್ಛಿಗಳು, ಹಕ್ಕಿಯ ಪುಕ್ಕದಷ್ಟು ಹಗುರ. ಅಲ್ಲಾಡಿಸಿದರೆ ಒಣ ಎಲೆಯ ಸದ್ದು, ಮೂಸಿದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಕಾಗದದ ಮೇಲೆ ಕುಟ್ಟಿದಳು, ಒಂದು ಕಣವೂ ಉದುರಲಿಲ್ಲ. ಅಂಗಡಿಯವ ನನ್ನನ್ನು ಬಿಟ್ಟು ಅವಳಿಗೆ ಕೈಮುಗಿದ.

ಆ ಮಾಲೆಯನ್ನು ತಾನೇ ಬೀಬೀಜಿಯ ಕೈಗೆ ಕೊಡಬೇಕೆಂದು ತುಂಗಾ ನನ್ನೊಡನೆ ಕ್ಯಾಂಪಿಗೆ ಬಂದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಡುವೆ ನಿಂತು ನನ್ನ ಹರಕುಮುರುಕು ಹಿಂದುಸ್ತಾನಿಯಲ್ಲಿ ನಾನೇ ದುಭಾಷಿ. ಬೀಬೀಜಿ ಮಲಗಿದಲ್ಲೇ ಮಾಲೆಯನ್ನು ಮೂಗಿಗೆ ಹಿಡಿದು ವಾಸನೆ ಎಳೆದುಕೊಂಡರು. ಆಮೇಲೆ ಚಾಕು ತರಿಸಿ ಒಂದನ್ನು ಉದ್ದಕ್ಕೆ ಸೀಳಿದರು. ತಲೆಯಿಂದ ತೊಟ್ಟಿನವರೆಗೆ ಒಳಗೆಲ್ಲ ಒಂದೇ ಪೊಳ್ಳು.

"ಹೀಗಿದ್ದರೆ ಗುಚ್ಛಿ" ಎಂದರು. ಇನ್ನೊಂದು ಸೀಳಿದರು, ಅದೂ ಹಾಗೆಯೇ. ಐದನೆಯದೋ ಆರನೆಯದೋ ಬೇರೆಯಾಗಿತ್ತು. ಒಳಗೆ ಪೊಳ್ಳಿರಲಿಲ್ಲ, ಮಡಿಕೆ ಮಡಿಕೆಯಾಗಿ ಮುದುಡಿದ ತಿರುಳು. ಬೀಬೀಜಿ ಅದನ್ನು ನೆಲಕ್ಕೆ ಎಸೆದರು. "ಇದು ಗುಚ್ಛಿಯ ವೇಷ ಹಾಕಿದ ವಿಷ. ನಮ್ಮೂರಲ್ಲಿ ಒಂದು ಮನೆಯವರೆಲ್ಲ ಇದನ್ನು ತಿಂದು ಮಲಗಿದರು, ಇಬ್ಬರು ಏಳಲೇ ಇಲ್ಲ."

ನಾನು ಹೇಳಿ ಮುಗಿಸುವ ಮೊದಲೇ ತುಂಗಾಳ ಮುಖ ಬಿಳಿಚಿತು. "ಅಯ್ಯೋ, ನನ್ನ ಕೈ ದಾಟಿ ಬಂತಲ್ಲರೀ ಇದು! ಒಂದನ್ನೂ ಬಿಡೂದು ಬ್ಯಾಡ, ಎಲ್ಲಾನೂ ಸೀಳಿ ನೋಡೂಣು ಅಂತ ಹೇಳ್ರಿ."

ನಾನು ಹೇಳಬೇಕಾಗಲಿಲ್ಲ. ಬೀಬೀಜಿ ಮೊಳಕೈ ಊರಿ ಏಳುತ್ತಿದ್ದರು. ತುಂಗಾ ಮಡಿ ಮೈಲಿಗೆ ಎಲ್ಲ ಮರೆತು, ಆಕೆಯ ಬೆನ್ನಿಗೆ ದಿಂಬು ಕೊಟ್ಟು, ತಾನೂ ಮಂಚದ ಮೇಲೆಯೇ ಕೂತಳು. ಒಬ್ಬರು ಸೀಳುವುದು, ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡುವುದು. ಬೀಬೀಜಿ "ಬೇಟೀ, ದೇಖ್" ಎಂದರೆ ಇವಳು "ಹೌದ್ರಿ, ಇದು ಛಲೋ ಅದ" ಎನ್ನುವಳು. ದುಭಾಷಿಯ ಕೆಲಸ ಹೋಯಿತು. ಬಾಗಿಲಲ್ಲಿ ನಿಂತಿದ್ದ ಲಾಲಾಜಿ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೂರು ವಾರದ ಮೇಲೆ ಹೆಂಡತಿ ಕೂತದ್ದನ್ನು ಅವರು ನೋಡಿದ್ದು ಅಂದೇ.

ಇನ್ನೊಂದು ವಿಷದ್ದು ಸಿಗಲಿಲ್ಲ. ಲವಂಗ, ಯಾಲಕ್ಕಿ, ತುಪ್ಪ ಹಾಕಿ, ಗುಚ್ಛಿಯನ್ನು ಚೆನ್ನಾಗಿ ಬೇಯಿಸಿ ಅಡಿಗೆಯವ ಪುಲಾವು ಮಾಡಿದ. ಬೀಬೀಜಿ ಎರಡು ತುತ್ತಲ್ಲ, ಸಣ್ಣ ಬಟ್ಟಲು ಪೂರ್ತಿ ಉಂಡರು. ಮರುದಿನ ಗಂಜಿ ಕುಡಿದರು. ತಿಂಗಳೊಳಗೆ ಅಂಗಳದಲ್ಲಿ ಅಡ್ಡಾಡಿದರು.

ಪುಲಾವು ಮಾಡಿದ ಆ ಮಧ್ಯಾಹ್ನ ತುಂಗಾ ಸ್ನಾನಕ್ಕೆಂದು ಮನೆಗೆ ಹೋದ ಮೇಲೆ ಲಾಲಾಜಿ ನನ್ನ ಮುಂದೆಯೂ ಒಂದು ತಟ್ಟೆ ಇಟ್ಟರು. ತಿನ್ನದವನು ಕೊಳ್ಳುವುದೆಂತು ಎಂದು ಅವರ ವಾದ. ನಾನು ತಿಂದೆ. ಎರಡನೆಯ ಸಲವೂ ಹಾಕಿಸಿಕೊಂಡೆ. ಅಂದಿನಿಂದ ಪ್ರತಿ ಚಳಿಗಾಲ, ತುಂಗಾ ಕಲಿಸಿದ ಹಾಗೆ ಆರಿಸಿ, ಆ ಮನೆಗೆ ಗುಚ್ಛಿ ತರುವುದು ನನ್ನ ಕೆಲಸ, ತಿನ್ನುವುದು ನನ್ನ ಗುಟ್ಟು.

ಬೀಬೀಜಿ ಆಮೇಲೆ ಆರು ವರ್ಷ ಬದುಕಿದ್ದರು. ತುಂಗಾ ಆಗಾಗ ಹೋಗಿ ಅವರ ಹತ್ತಿರ ಕೂತು ಬರುತ್ತಿದ್ದಳು. ತೀರಿಕೊಂಡದ್ದು ಹೋದ ವರ್ಷ. ಲಾಲಾಜಿ ಮಗಳ ಊರಿಗೆ ಹೊರಡುವ ಮುನ್ನ ಆಕೆಯ ಕಪಾಟಿನಲ್ಲಿದ್ದ ಗಾಜಿನ ಭರಣಿಯನ್ನು ನನ್ನ ಕೈಗಿಟ್ಟರು. ಒಳಗೆ ಹತ್ತೋ ಹನ್ನೆರಡೋ ಗುಚ್ಛಿಗಳು, ಎಲ್ಲವೂ ಆಕೆ ಸೀಳಿ ನೋಡಿ ಇಟ್ಟವು.

ಮನೆಗೆ ತಂದು, ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಕೇಳಿದೆ. ತುಂಗಾ ಭರಣಿಯನ್ನು ಸೆರಗಿನಿಂದ ಒರೆಸಿದಳು.

"ಆಕಿ ಇಟ್ಟಿದ್ದನ್ನ ಬ್ಯಾರೆಯವರಿಗೆ ಕೊಡತಾರೇನ್ರೀ? ನೀವು ತಿನ್ರಿ."

"ನಾನು…"

"ಗೊತ್ತದ. ಆವತ್ತು ಮನಿಗೆ ಬಂದಾಗ ಮೀಸಿ ಘಮ್ ಅಂತಿತ್ತು. ಆರು ವರ್ಷ ಆತು, ಇವತ್ತು ಹೇಳತಾರ, ನಾಳೆ ಹೇಳತಾರ ಅಂತ ಕಾದೀನಿ."

ಹೊರಜಗುಲಿಯಲ್ಲಿ ಬೇರೆ ಇದ್ದಿಲೊಲೆ ಹೂಡಿ, ಬೇರೆ ಪಾತ್ರೆ ಇಟ್ಟು, ಬೀಬೀಜಿ ಹೇಳಿಕೊಟ್ಟ ಹಾಗೆಯೇ ಪುಲಾವು ಮಾಡಿದಳು. ನಾನು ಉಣ್ಣುವಾಗ ಎದುರು ಕೂತು, ತಾನು ಎಂದೂ ಉಣ್ಣದ ಆ ಅನ್ನದ ಘಮವನ್ನು ಮೂಗಿನ ತುಂಬ ಎಳೆದುಕೊಂಡಳು.

"ರುಚಿ ನೋಡದ ಮಾಡೀನಿ. ಉಪ್ಪು ಸರಿ ಅದ ಏನ್ರೀ?"

ಉಪ್ಪು ಹಾಕುವುದನ್ನೇ ಮರೆತಿದ್ದಳು. ಒಂದು ಅಗುಳೂ ಬಿಡದೆ ಉಂಡು, "ಭಾಳ ಸರಿ ಅದ" ಎಂದೆ.